ತಡೀರಪ್ಪನ ಮಧ್ಯಾಹ್ನಗಳು

ಹೊಸ ಸಾಮಾನು ಕೇಳಿಕೊಂಡು ಯಾರಾದರೂ ನಮ್ಮ ಪೇಟೆಗೆ ಬಂದರೆ ಅವರನ್ನು ಪಕ್ಕದ ದೊಡ್ಡ ರಸ್ತೆಗೆ ಕಳಿಸಿಬಿಡುತ್ತೇವೆ. ನಮ್ಮಲ್ಲಿ ಸಿಗುವುದು ಹಳೆಯ ಯಂತ್ರಗಳ ಬಿಡಿಭಾಗ ಮಾತ್ರ. ಮಾಡಿದ ಕಂಪನಿ ಎಂದೋ ಮುಚ್ಚಿಹೋಗಿರುತ್ತದೆ, ಯಂತ್ರ ಮಾತ್ರ ಎಲ್ಲೋ ಒಂದು ಗಿರಣಿಯಲ್ಲೋ ಅಚ್ಚುಕೂಟದಲ್ಲೋ ಹಟಮಾಡಿಕೊಂಡು ತಿರುಗುತ್ತಿರುತ್ತದೆ. ಅಂಥದ್ದಕ್ಕೆ ಒಂದು ಹಲ್ಲುಚಕ್ರ ಮುರಿದರೆ ಅದರ ಯಜಮಾನ ನಮ್ಮ ಪೇಟೆಗೇ ಬರಬೇಕು. ನಾನು ಬೇರಿಂಗ್ ವ್ಯಾಪಾರದವನು. ವರ್ತಕರ ಸಂಘದ ಕಾರ್ಯದರ್ಶಿಯೂ ಹೌದು. ಆ ಪದವಿ ನನಗೆ ಬಂದದ್ದು ಯೋಗ್ಯತೆಯಿಂದಲ್ಲ, ಆಯ್ಕೆಯ ಸಭೆಗೆ ನಾನು ತಡವಾಗಿ ಹೋದದ್ದರಿಂದ.

ಸಂಘಕ್ಕೆ ಒಂದು ವೆಬ್‌ಸೈಟ್ ಇದೆ. ಪೇಟೆಯ ಅಷ್ಟೂ ಅಂಗಡಿಗಳವರು ತಮ್ಮಲ್ಲಿರುವ ಒಂದೊಂದು ತುಂಡಿನ ಅಳತೆ, ಫೋಟೋ, ಬೆಲೆ ಅದರಲ್ಲಿ ಹಾಕುತ್ತಾರೆ. ದೂರದೂರಿನ ಗಿರಾಕಿ ತನಗೆ ಬೇಕಾದದ್ದನ್ನು ಟೈಪು ಮಾಡಿದರೆ ಯಾರ ಅಂಗಡಿಯಲ್ಲಿದೆ ಎಂದು ತೋರಿಸುತ್ತದೆ. ಅದನ್ನು ಕಟ್ಟಿದವನು, ನೋಡಿಕೊಳ್ಳುತ್ತಿದ್ದವನು, ಅದಕ್ಕಾಗಿ ನಮ್ಮೆಲ್ಲರಿಂದ ಬೈಸಿಕೊಳ್ಳುತ್ತಿದ್ದವನು ತಡೀರಪ್ಪ.

ಹುಡುಕಾಟ ನಿಧಾನವಾದಾಗೆಲ್ಲ ಅಂಗಡಿಗಳಿಂದ ಅವನಿಗೆ ಫೋನು ಹೋಗುತ್ತಿತ್ತು. ಅವನು ಫೋನೆತ್ತಿ ಹಲೋ ಅನ್ನುತ್ತಿರಲಿಲ್ಲ. "ತಡೀರಿ, ತಡೀರಿ" ಅನ್ನುತ್ತಿದ್ದ. ಅದೇ ಹೆಸರಾಗಿ ನಿಂತಿತು. ಒಮ್ಮೆ ಅವನ ಹೆಂಡತಿ ಕಚೇರಿಗೆ ಫೋನು ಮಾಡಿ, "ತಡೀರಪ್ಪನವರು ಇದ್ದಾರಾ?" ಎಂದು ಕೇಳಿದಳಂತೆ. ಇವನು ಆ ಕಡೆಯಿಂದ "ತಡೀರಿ, ಕರೀತೀನಿ" ಅಂದನಂತೆ. ಅವಳೇ ನನಗೆ ಹೇಳಿದ್ದು.

ಅವನ ಕೋಣೆ ಸಂಘದ ಕಚೇರಿಯ ಮೇಲೆ. ಕಬ್ಬಿಣದ ಮೆಟ್ಟಿಲು ಹತ್ತಿ ಹೋಗಬೇಕು, ಹತ್ತುವವನ ಸದ್ದು ಪೇಟೆಗೆಲ್ಲ ಕೇಳುತ್ತದೆ. ಒಂದು ಕಿಟಕಿ, ಅದರಾಚೆ ಲೇತ್ ಅಂಗಡಿಯ ತಗಡಿನ ಚಾವಣಿ. ಮೂಲೆಯಲ್ಲಿ ಸೈಟು ನಡೆಸುವ, ಸದಾ ಗುರುಗುಟ್ಟುವ ಸರ್ವರ್, ಅದಕ್ಕೊಂದು ಫ್ಯಾನು. ತಡೀರಪ್ಪನಿಗೆ ಫ್ಯಾನು ಇರಲಿಲ್ಲ. ಕೇಳಿದರೆ, "ನಾನು ಬಿಸಿಯಾದ್ರೆ ಯಾರೂ ಫೋನು ಮಾಡಲ್ಲವಲ್ಲ" ಅಂದಿದ್ದ.

ನಮ್ಮ ಪೇಟೆ ಮಧ್ಯಾಹ್ನ ಅರ್ಧ ಷಟರು ಎಳೆದು ಉಣ್ಣುತ್ತದೆ, ಉಂಡು ಸ್ವಲ್ಪ ಹೊತ್ತು ಕಾಲು ಚಾಚುತ್ತದೆ. ತಡೀರಪ್ಪನಿಗೆ ಅದೇ ಕೆಲಸದ ಹೊತ್ತು. ಹುಡುಕಾಟದ ಬೆನ್ನಿಗೆ, ಯಾವ ಸಾಮಾನು ಎಲ್ಲಿದೆ ಎಂದು ಹೇಳುವ ಇಂಡೆಕ್ಸ್ ಎಂಬ ಪಟ್ಟಿಯೊಂದು ಇರುತ್ತದಂತೆ. ಅದನ್ನು ದಿನಕ್ಕೊಮ್ಮೆ ಅಚ್ಚುಕಟ್ಟು ಮಾಡದಿದ್ದರೆ ಮರುದಿನಕ್ಕೆ ಎಲ್ಲವೂ ತೆವಳತೊಡಗುತ್ತದೆ. ಅಚ್ಚುಕಟ್ಟು ಮಾಡುವಾಗಲೂ ತೆವಳುತ್ತದೆ. ಅದಕ್ಕೆ ನಾವು ಉಣ್ಣುವ ಹೊತ್ತನ್ನು ಅವನು ಆರಿಸಿಕೊಂಡಿದ್ದ. ಮೊದಲೊಮ್ಮೆ ಅದನ್ನು ಗಡಿಯಾರಕ್ಕೆ ಕಟ್ಟಿಬಿಟ್ಟಿದ್ದ, ತಾನಾಗಿ ಶುರುವಾಗಲಿ ಎಂದು. ನಡುವೆ ಡಿಸ್ಕಿನಲ್ಲಿ ಜಾಗ ಸಾಲದೆ ಅದು ಅರ್ಧಕ್ಕೇ ಸಿಕ್ಕಿಕೊಂಡಿತು, ಸಂಜೆವರೆಗೆ ಒಂದು ನಟ್ಟೂ ಯಾರಿಗೂ ಸಿಗಲಿಲ್ಲ. ನಾವು ಅವತ್ತು ಆಡಿದ ಮಾತುಗಳನ್ನು ಇಲ್ಲಿ ಬರೆಯುವುದು ಬೇಡ. ಆಮೇಲಿಂದ ಅವನು ಯಾವ ಗಡಿಯಾರವನ್ನೂ ನಂಬಲಿಲ್ಲ. ತಾನೇ ಶುರುಮಾಡಿ, ಮುಗಿಯುವವರೆಗೆ ಪರದೆಯ ಮುಂದೆ ಕೂತಿರುತ್ತಿದ್ದ. ಊಟದ ಡಬ್ಬಿಯ ಮುಚ್ಚಳ ತೆರೆಯುತ್ತಿದ್ದುದು ಕೆಲಸ ಮುಗಿದ ಮೇಲೆ. ಬರಬರುತ್ತಾ ಆ ಕೆಲಸ ಎಷ್ಟು ಉದ್ದವಾಯಿತೆಂದರೆ, ನಾವು ಉಂಡು, ಮಲಗಿ, ಎದ್ದು, ಷಟರು ಎತ್ತಿ, ಫೋನು ಮಾಡಿ ಬೈಯಲು ಶುರುಮಾಡಿದರೂ ಅವನದು ಮುಗಿದಿರುತ್ತಿರಲಿಲ್ಲ.

ಅವನ ಬಗ್ಗೆ ಇನ್ನೊಂದು ಸಂಗತಿ ಹೇಳಲೇಬೇಕು. ಸೈಟು ಶುರುವಾದಾಗ, ಮಾರುವ ಬೆಲೆಯ ಜೊತೆಗೆ ಕೊಂಡ ಬೆಲೆಯನ್ನೂ ಅದರಲ್ಲೇ ಬರೆದಿಟ್ಟುಕೊಳ್ಳುವ ಅನುಕೂಲವಿತ್ತು. ಅದು ಅವರವರಿಗಷ್ಟೇ ಕಾಣುವಂಥದ್ದು. ಸಭೆಯಲ್ಲಿ ಒಬ್ಬರು ಎದ್ದುನಿಂತು, "ಎಲ್ಲರ ಗುಟ್ಟೂ ಇವನ ಕೈಯಲ್ಲಿರುತ್ತಲ್ಲ!" ಅಂದರು. ಎದ್ದುನಿಂತವರು ನಮ್ಮ ಭಾವ, ನನ್ನ ಅಕ್ಕನ ಗಂಡ. ಹಲ್ಲುಚಕ್ರ, ಶಾಫ್ಟುಗಳ ದೊಡ್ಡ ಅಂಗಡಿ ಅವರದು. ಸಭೆ ಗುಜುಗುಜು ಅಂದಿತು. ಆಗ ತಡೀರಪ್ಪ, "ಯಾರ ಸಾಮಾನಿನ ಪುಟವನ್ನೂ ನಾನು ತೆರೆದು ನೋಡಲ್ಲ" ಎಂದು ಮಾತು ಕೊಟ್ಟ.

ವ್ಯಾಪಾರಸ್ಥರು ದಿನಕ್ಕೆ ಎಷ್ಟೋ ಮಾತು ಕೊಡುತ್ತೇವೆ. ಸಂಜೆ ಷಟರಿನ ಜೊತೆ ಅವೂ ಇಳಿಯುತ್ತವೆ. ಇವನದು ಹಾಗಲ್ಲ. ಯಾರದಾದರೂ ಅಂಗಡಿಗೆ ಕಂಪ್ಯೂಟರು ಸರಿಮಾಡಲು ಹೋದರೆ, ಅವರು ತಮ್ಮ ಪುಟ ತೆರೆದ ಕೂಡಲೇ ಇವನು ಗೋಡೆಯ ಕಡೆಗೆ ಮುಖ ಮಾಡಿ ನಿಲ್ಲುತ್ತಿದ್ದ. ಗೋಡೆ ನೋಡುತ್ತಲೇ, "ಈಗ ಬಲಗಡೆ ಮೇಲಿರೋದನ್ನ ಒತ್ತಿ ಸಾರ್" ಎಂದು ಹೇಳಿಕೊಡುತ್ತಿದ್ದ. ನಾವು ನಗುತ್ತಿದ್ದೆವು. ಆದರೂ ಪುಟ ಮುಚ್ಚುವವರೆಗೆ ಯಾರೂ ಅವನನ್ನು ತಿರುಗು ಅನ್ನುತ್ತಿರಲಿಲ್ಲ.

ಒಂದು ದಿನ ಅವನ ಹೆಂಡತಿ ನನ್ನ ಅಂಗಡಿಗೆ ಬಂದಳು. ಆಸ್ಪತ್ರೆಯೊಂದರ ಬಟ್ಟೆ ಒಗೆಯುವ ವಿಭಾಗದಲ್ಲಿ ಮೇಲ್ವಿಚಾರಕಿ ಅವಳು. ಕೆಲಸದ ನಡುವೆ ಎದ್ದು ಬಂದಿದ್ದಳು, ಕೈಗಳು ಇನ್ನೂ ನೀರಲ್ಲಿ ನೆನೆದಂತೆ ಸುಕ್ಕಾಗಿದ್ದವು.

"ಅಣ್ಣಾ, ನಿಮ್ಮ ಮಾತು ಅವರು ಕೇಳ್ತಾರೆ" ಅಂದಳು.

"ನನ್ನ ಮಾತನ್ನ ನನ್ನ ತಕ್ಕಡೀನೇ ಕೇಳಲ್ಲಮ್ಮಾ. ಏನಾಯ್ತು?"

"ಎಡಗಣ್ಣಿನ ಒಳಗಿನ ಪರದೆ ಬಿಟ್ಕೊಂಡು ಬರ್ತಾ ಇದೆಯಂತೆ. ತೇವ ಹಿಡಿದ ಗೋಡೇಲಿ ಬಣ್ಣ ಸುಲಿದುಕೊಳ್ಳುತ್ತಲ್ಲ, ಹಾಗೆ. ಈಗಿನ್ನೂ ಅಂಚಲ್ಲಿ ಬಿಟ್ಟಿದೆ. ನಡುವಿಗೆ ಬಂದ್ರೆ ಆ ಕಣ್ಣು ಹೋದ ಹಾಗೇನೇ ಅಂದ್ರು ಡಾಕ್ಟ್ರು. ಈಗಲೇ ಆಪರೇಷನ್ನಿಗೆ ಬನ್ನಿ ಅಂದ್ರು. ಇವರು ತಡೀರಿ ಅಂದ್ರು."

"ಡಾಕ್ಟರಿಗೂ?"

"ಡಾಕ್ಟ್ರಿಗೂ."

ಇಬ್ಬರಿಗೂ ನಗು ಬರಲಿಲ್ಲ. ಅವಳು ಉಳಿದದ್ದನ್ನು ಹೇಳಿದಳು. ಆಪರೇಷನ್ ಮಾಡಿ ಕಣ್ಣಿನೊಳಗೆ ಒಂದು ಗಾಳಿಗುಳ್ಳೆ ಬಿಡುತ್ತಾರಂತೆ. ಅದು ಪರದೆಯನ್ನು ಒತ್ತಿ ಹಿಡಿದಿರಬೇಕಾದರೆ ರೋಗಿ ಹಗಲೂ ರಾತ್ರಿ ಮುಖ ಕೆಳಗೆ ಮಾಡಿಕೊಂಡೇ ಮಲಗಿರಬೇಕು. ಕಂಪ್ಯೂಟರ್ ನೋಡುವ ಮಾತೇ ಇಲ್ಲ. "ಹಾಗೆ ಮಲಗಿದ್ರೆ ಮಧ್ಯಾಹ್ನದ ಕೆಲಸ ಯಾರು ನೋಡ್ತಾರೆ ಅಂತಾರೆ. ಅದೇನೋ ನಿಧಾನ ಆಗಿದೆಯಂತೆ, ಅದನ್ನ ಸರಿಮಾಡಿಟ್ಟು ಹೋಗ್ತೀನಿ ಅಂತಾರೆ. ಅಣ್ಣಾ, ಅದು ಯಾವತ್ತಾದ್ರೂ ನಿಧಾನ ಆಗದೆ ಇದ್ದದ್ದುಂಟಾ?"

ಅಂಗಡಿ ಬಿಟ್ಟು ಎದ್ದೆ. ಕಬ್ಬಿಣದ ಮೆಟ್ಟಿಲು ಹತ್ತಿದೆ.

ತಡೀರಪ್ಪ ಕಾಳು ಕಂಡ ಕೋಳಿಯ ಹಾಗೆ ತಲೆ ಓರೆ ಮಾಡಿಕೊಂಡು ಪರದೆ ನೋಡುತ್ತಿದ್ದ. ಡಬ್ಬಿಯ ಮುಚ್ಚಳ ಮುಚ್ಚಿಯೇ ಇತ್ತು.

"ಏನಪ್ಪಾ, ಕಣ್ಣಿಗೂ ತಡಿ ಅಂತೀಯಂತೆ?"

"ಬಂದ್ಬಿಟ್ಟಳಾ ನಿಮ್ಮ ಹತ್ರ?" ಅಂದ. "ಮೂಲೇಲಿ ಒಂದು ಚೂರು ನೆರಳು ಅಷ್ಟೇ, ಯಜಮಾನ್ರೇ. ಯಾರೋ ಪರದೆ ಎಳೀತಾ ಇರೋ ಹಾಗೆ. ಇದೊಂದು ಹದಕ್ಕೆ ಬರಲಿ, ಹೋಗ್ತೀನಿ."

"ಇದು ಅಂದ್ರೆ ಏನು? ಅದೇನು ಮಾಡ್ತೀಯೋ ದಿನಾ ಇಲ್ಲಿ ಕೂತ್ಕೊಂಡು, ನನಗೂ ಅರ್ಥ ಆಗೋ ಹಾಗೆ ಹೇಳು ನೋಡೋಣ."

ಇಷ್ಟು ವರ್ಷದಲ್ಲಿ ನಮ್ಮಲ್ಲಿ ಯಾರೂ ಅವನನ್ನು ಹಾಗೆ ಕೇಳಿರಲಿಲ್ಲ ಅಂತ ಕಾಣುತ್ತದೆ. ಕುರ್ಚಿ ನನ್ನ ಕಡೆ ತಿರುಗಿಸಿಕೊಂಡ.

"ನಿಮ್ಮ ಗೋಡೌನಲ್ಲಿ ಒಂದು ಪೆಟ್ಟಿಗೆ, ಅದರಲ್ಲೊಂದು ಬೇರಿಂಗು ಇದೆ ಅನ್ನಿ. ನೀವು ಅದರ ಬೆಲೆ ಬದಲಾಯಿಸಿದ್ರಿ. ಇಂಡೆಕ್ಸು ಏನು ಮಾಡುತ್ತೆ ಅಂದ್ರೆ, ಹಳೇ ಪೆಟ್ಟಿಗೆ ಮೇಲಿನ ಚೀಟಿ ತಿದ್ದಲ್ಲ. ಹೊಸ ಪೆಟ್ಟಿಗೆ ತಂದು, ಹೊಸ ಚೀಟಿ ಅಂಟಿಸಿ, ಬೇರಿಂಗನ್ನ ಅದಕ್ಕೆ ಹಾಕುತ್ತೆ. ಹಳೇದಕ್ಕೆ ಒಂದು ಗೀಟು ಎಳೆದು ಅಲ್ಲೇ ಬಿಡುತ್ತೆ."

"ಎಂಥಾ ದಡ್ಡ ಗುಮಾಸ್ತ ಅದು!"

"ದಡ್ಡ ಅಲ್ಲ, ಅವಸರದವನು. ಗಿರಾಕಿ ಮುಂದೆ ನಿಂತಿರೋವಾಗ ಗೋಡೌನು ಜೋಡಿಸ್ತಾ ಕೂರಕ್ಕಾಗುತ್ತಾ? ಆಮೇಲೆ ಯಾರೋ ಬಂದು ಬೇರಿಂಗು ಕೇಳ್ತಾರೆ. ಆ ಗುಮಾಸ್ತ ಅಷ್ಟೂ ಖಾಲಿ ಪೆಟ್ಟಿಗೆ ದಾಟಿಕೊಂಡು ಹೋಗಿ ಹುಡುಕಬೇಕು. ನಾನು ಮಧ್ಯಾಹ್ನ ಮಾಡೋದು ಅಂದ್ರೆ ಖಾಲಿ ಪೆಟ್ಟಿಗೆ ಎಲ್ಲಾ ಎತ್ತಿ ಹೊರಗೆ ಹಾಕಿ, ತುಂಬಿರೋದನ್ನ ಒತ್ತಾಗಿ ಜೋಡಿಸೋದು. ಜೋಡಿಸಿ ಮುಗಿಯೋವರೆಗೂ ಹಳೇದೂ ಇರಬೇಕು, ಹೊಸದೂ ಇರಬೇಕು. ಅಂದ್ರೆ ಜಾಗ ಎರಡರಷ್ಟು ಬೇಕು. ಅದಕ್ಕೇ ಕಾವಲು ಕೂರೋದು."

"ಅದು ಯಾಕೆ ದಿನೇ ದಿನೇ ಉದ್ದ ಆಗ್ತಿದೆ?"

ಆಗ ತಡೀರಪ್ಪನ ಮುಖದಲ್ಲಿ ಒಂದು ಬಗೆಯ ಗೌರವ ಮೂಡಿತು. ನಮ್ಮ ಮೇಲಿನ ಗೌರವ! "ನಮ್ಮ ವರ್ತಕರ ಶ್ರದ್ಧೆ ಯಜಮಾನ್ರೇ. ಬೆಲೆ ತಿದ್ದೋದು ಅಂದ್ರೆ ಎಷ್ಟು ನಿಷ್ಠೆ! ನಿಮ್ಮ ಭಾವನವರು ಬೆಳಿಗ್ಗೆ ಬಂದ ತಕ್ಷಣ ಒಂದ್ಸಲ, ಟೀ ಆದಮೇಲೆ ಒಂದ್ಸಲ, ಬಾಗಿಲು ಹಾಕೋವಾಗ ಒಂದ್ಸಲ, ಅಂಗಡೀಲಿರೋ ಅಷ್ಟೂ ಸಾಮಾನನ್ನ ತಿದ್ದಿ ಸೇವ್ ಮಾಡ್ತಾರೆ. ಅವರ ಎದುರಂಗಡಿಯವರೂ ಹಾಗೇ. ಈಗಂತೂ ಪೇಟೆಯೆಲ್ಲಾ ಹಾಗೇ."

ನನಗೆ ನಗು ತಡೆಯಲಾಗಲಿಲ್ಲ. ನಗುತ್ತಾ ನಗುತ್ತಾ ಗಂಟಲೊಣಗಿತು. "ನಮ್ಮ ಭಾವ ಮದುವೆ ಆದಾಗಿನಿಂದ ಬೆಲೆ ಬದಲಾಯಿಸಿಲ್ಲ ಕಣಪ್ಪಾ! ಬೆಲೆ ತಿದ್ದೋದೂ ಇಲ್ಲ, ಮಣ್ಣೂ ಇಲ್ಲ. ನಿನ್ನ ಸೈಟಲ್ಲಿ ಯಾರು ಕೊನೇಲಿ ಸೇವ್ ಒತ್ತಿರ್ತಾರೋ ಅವರ ಸಾಮಾನು ಮೊದಲು ಕಾಣುತ್ತೆ. ಅಷ್ಟಕ್ಕೇ ಒತ್ತೋದು. ಭಾವ ಒತ್ತಿದ್ರೆ ಎದುರಂಗಡಿಯವನು ಕೆಳಗೆ ಹೋಗ್ತಾನೆ, ಅವನು ಒತ್ತಿದ್ರೆ ಭಾವ ಕೆಳಗೆ. ಪುಟ ತೆಗಿ, ಏನೂ ಮುಟ್ಟಬೇಡ, ಸೇವ್ ಒತ್ತು. ಮುಂದಿನದು ತೆಗಿ, ಒತ್ತು. ಅಂಗಡಿ ಮುಂದೆ ನೀರು ಚಿಮುಕಿಸಿದ ಹಾಗೆ ಅದೂ ಒಂದು ಕೆಲಸ ಆಗಿಬಿಟ್ಟಿದೆ."

ಅವನು ನಗಲಿಲ್ಲ. ಪರದೆಯ ಮೇಲೆ ಜೋಡಣೆ ಇನ್ನೂ ಅರ್ಧದಲ್ಲಿತ್ತು. "ಹಾಗಾದ್ರೆ ನಾನು ದಿನಾ ಎತ್ತಿಹಾಕ್ತಿದ್ದದ್ದು..." ಅಂದವನು ಅಲ್ಲಿಗೇ ನಿಲ್ಲಿಸಿದ.

ನನ್ನ ನಗುವೂ ನಿಂತಿತು. ಮೆಟ್ಟಿಲ ಕೆಳಗಿದ್ದ ನಮಗೆ ಗುಂಡಿ ಒತ್ತುವುದು ಗೊತ್ತಿತ್ತು, ಪೆಟ್ಟಿಗೆಗಳ ವಿಷಯ ಗೊತ್ತಿರಲಿಲ್ಲ. ಮೇಲಿದ್ದವನಿಗೆ ಪೆಟ್ಟಿಗೆ ಗೊತ್ತಿತ್ತು, ಒತ್ತುವುದೇಕೆಂದು ಗೊತ್ತಿರಲಿಲ್ಲ.

"ಒಂದೇ ಒಂದು ಸಲ ಯಾರದಾದ್ರೂ ಪುಟ ತೆಗೆದು ನೋಡಿದ್ರೆ ತಿಳೀತಿತ್ತಲ್ಲಯ್ಯಾ. ಹಳೇ ಬೆಲೆ, ಹೊಸ ಬೆಲೆ ಎರಡೂ ಒಂದೇ ಅಂತ."

"ನೋಡಲ್ಲ ಅಂತ ಹೇಳಿದ್ನಲ್ಲ" ಅಂದ.

ಮದ್ದು ಸಣ್ಣದೇ ಇತ್ತು. ಯಾರಾದರೂ ಸೇವ್ ಒತ್ತಿದಾಗ, ಹಳೆಯದಕ್ಕೂ ಹೊಸದಕ್ಕೂ ವ್ಯತ್ಯಾಸವಿದೆಯೇ ಎಂದು ಯಂತ್ರವೇ ಹೋಲಿಸಿ ನೋಡುವುದು. ಇಲ್ಲದಿದ್ದರೆ ಇಂಡೆಕ್ಸನ್ನು ಮುಟ್ಟದೆ ಬಿಡುವುದು. ಜೊತೆಗೆ, ಕೊನೆಗೆ ಒತ್ತಿದವರನ್ನು ಮೇಲೆ ತೋರಿಸುವುದನ್ನು ತೆಗೆದು, ಗಿರಾಕಿ ಕೇಳಿದ ಅಳತೆಗೆ ಯಾರದು ಹೆಚ್ಚು ಹೊಂದುತ್ತದೋ ಅವರನ್ನು ಮೇಲೆ ತೋರಿಸುವುದು. ಸಂಜೆಯೊಳಗೆ ಆಗುವ ಕೆಲಸ ಎಂದು ಅವನೇ ಹೇಳಿದ. ಸರಿ, ಮಾಡಿ ಮುಗಿಸಿ ನಾಳೆ ಆಸ್ಪತ್ರೆಗೆ ಹೋಗು ಅಂದೆ.

"ಹೋಲಿಸೋದು ಅಂದ್ರೆ ಅವರು ಕೊಂಡ ಬೆಲೇನೂ ನೋಡಿದ ಹಾಗೇ ಅಲ್ವಾ, ಯಜಮಾನ್ರೇ? ಅವರನ್ನ ಕೇಳಬೇಕು."

"ನೋಡೋದು ಯಂತ್ರ ಕಣಯ್ಯಾ, ನೀನಲ್ಲ!"

"ಯಂತ್ರಕ್ಕೆ ನೋಡು ಅಂತ ಹೇಳಿಕೊಡೋನು ನಾನೇ ತಾನೇ?"

"ನಿನ್ನ ಕಣ್ಣು ಹೋಗ್ತಿದೆ!"

"ಒಬ್ಬೊಬ್ರು ಹೂಂ ಅಂದ್ರೆ ಸಾಕು. ಅಷ್ಟೇ ಅಲ್ವಾ" ಅಂದ. ಪೇಟೆಯವರು ಒಂದು ಹೂಂ ಅನ್ನುವುದಕ್ಕೆ ಎಷ್ಟು ಹೊತ್ತು ತೆಗೆದುಕೊಳ್ಳುತ್ತಾರೆಂದು ಅವನಿಗೆ ಗೊತ್ತಿಲ್ಲ, ಪಾಪ. ಅವನು ವ್ಯಾಪಾರ ಮಾಡಿದವನಲ್ಲ.

ಸಭೆ ಕರೆದರೆ ಮೊದಲು ಕುರ್ಚಿಯ ಬಗ್ಗೆ ಜಗಳ ಶುರುವಾಗುತ್ತದೆಂದು ನಾನೇ ಅಂಗಡಿಯಿಂದ ಅಂಗಡಿಗೆ ಹೊರಟೆ. ಎಲ್ಲರೂ ಕುಳ್ಳಿರಿಸಿ ಟೀ ಕೊಟ್ಟರು, ತಡೀರಪ್ಪನ ಕಣ್ಣಿಗೆ ಅಯ್ಯೋ ಅಂದರು, ಕೊನೆಗೆ ಒಂದೇ ಪ್ರಶ್ನೆ ಕೇಳಿದರು: "ನಿಮ್ಮ ಭಾವ ಒಪ್ಪಿದ್ರಾ?" ಭಾವ ಒಪ್ಪಿದರೆ ನಮ್ಮದೇನೂ ಅಡ್ಡಿಯಿಲ್ಲ ಅಂದರು. ಭಾವನ ಎದುರಂಗಡಿಯವನು ಮಾತ್ರ ಹಾಗೆ ಕೇಳದೆ ತಕ್ಷಣ ಒಪ್ಪಿದ. ಭಾವನಿಗೆ ಅದು ತಿಳಿದದ್ದೇ ತೊಂದರೆಯಾಯಿತು.

"ಅವನು ಅಷ್ಟು ಸಲೀಸಾಗಿ ಒಪ್ಪಿದ್ದಾನೆ ಅಂದ್ರೆ ಅದರಲ್ಲಿ ಅವನಿಗೇನೋ ಲಾಭ ಇದೆ" ಅಂದರು ಭಾವ. ಗಲ್ಲಾದ ಹಿಂದೆ ಕೂತು ಒಂದು ಹಲ್ಲುಚಕ್ರಕ್ಕೆ ಎಣ್ಣೆ ಸವರುತ್ತಿದ್ದರು.

"ಭಾವಾ, ಲಾಭನಷ್ಟ ಇರಲಿ. ಆ ಮನುಷ್ಯನ ಕಣ್ಣಿನ ವಿಷಯ ಇದು."

"ಅವನ ಕಣ್ಣಿಗೂ ನನ್ನ ಗುಂಡಿಗೂ ಏನಯ್ಯಾ ಸಂಬಂಧ?"

ಪೆಟ್ಟಿಗೆಯ ಕಥೆಯಿಂದ ಹಿಡಿದು ಎಲ್ಲ ಹೇಳಿದೆ. ಅವರು ಕೇಳಿದರು. ಕೇಳಿ, ಚಕ್ರವನ್ನು ಬಟ್ಟೆಯಿಂದ ಒರೆಸುತ್ತಾ ನನ್ನನ್ನೇ ನೋಡಿ ನಕ್ಕರು. "ಕಥೆ ಚೆನ್ನಾಗಿ ಕಟ್ಟಿದ್ದೀಯ. ಕೊಳ್ಳೋವಾಗ ಬೆನ್ನುನೋವು ಅಂತ ಹೇಳಿ ನಾನೇ ಎಷ್ಟು ಸಲ ಬೆಲೆ ಇಳಿಸಿಕೊಂಡಿಲ್ಲ! ನನ್ನ ಹತ್ರಾನೇ ಕಣ್ಣು ಅಂತ ಬರ್ತೀಯಲ್ಲ. ಯೋಚನೆ ಮಾಡಿ ಹೇಳ್ತೀನಿ ಹೋಗು."

ನಮ್ಮ ಪೇಟೆಯಲ್ಲಿ ಕಾಯಿಲೆಯೂ ಚೌಕಾಸಿಯ ಒಂದು ಮಾತು. ಯಾರಿಗಾದರೂ ನಿಜವಾಗಿ ಜ್ವರ ಬಂದರೆ ಗಿರಾಕಿ ಅವರ ಹಣೆ ಮುಟ್ಟಿ ನೋಡಿ ಆಮೇಲೆ ಬೆಲೆ ಕೇಳುತ್ತಾನೆ. ಹಾಗಾಗಿ ಭಾವ ನನ್ನನ್ನು ನಂಬದೇ ಹೋದದ್ದು ಅವರ ಕೆಟ್ಟತನ ಎಂದು ನಾನು ಹೇಳಲಾರೆ. ಅಭ್ಯಾಸ ಅನ್ನಬೇಕಷ್ಟೆ.

ಅವರ ಯೋಚನೆ ಮುಗಿಯಲೇ ಇಲ್ಲ. ನಾನು ಹೋದಾಗೆಲ್ಲ "ನಾಳೆ" ಅನ್ನುತ್ತಿದ್ದರು. ಅಕ್ಕನಿಗೆ ಹೇಳಿದೆ, ಅಕ್ಕ ಊಟ ಬಡಿಸುವಾಗ ಪಾತ್ರೆಗಳನ್ನು ಕುಕ್ಕಿ ಇಟ್ಟಿದ್ದಾಳೆ. ಆ ಸದ್ದಿಗೆ ಭಾವ ಎಂದೋ ಒಗ್ಗಿಹೋಗಿದ್ದಾರೆ. ಅತ್ತ, ದಿನಾ ನನಗೆ ಫೋನು ಮಾಡಿ ಕೇಳುತ್ತಿದ್ದ ತಡೀರಪ್ಪನ ಹೆಂಡತಿ ಅದನ್ನು ನಿಲ್ಲಿಸಿದ್ದಳು. ಅದಕ್ಕೇ ನನಗೆ ಹೆಚ್ಚು ಭಯವಾದದ್ದು. "ಭಾವನನ್ನ ಬಿಟ್ಟು ಉಳಿದವರದ್ದು ಮಾಡಿಬಿಡು" ಎಂದು ತಡೀರಪ್ಪನಿಗೆ ಹೇಳಿ ನೋಡಿದೆ. "ಅತಿ ಹೆಚ್ಚು ಒತ್ತೋರು ಅವರೇ. ಅವರನ್ನ ಬಿಟ್ರೆ ಮಾಡಿ ಏನೂ ಉಪಯೋಗ ಇಲ್ಲ" ಅಂದ. ಈಗ ಅವನು ತಲೆಯನ್ನು ಇನ್ನೂ ಓರೆ ಮಾಡುತ್ತಿದ್ದ. ನೆರಳು ಎಲ್ಲಿವರೆಗೆ ಬಂತು ಎಂದು ಕೇಳಿದರೆ ಟೀ ತರಿಸಲೇ ಅನ್ನುತ್ತಿದ್ದ.

ಕೊನೆಗೆ ಅವನೇ ಭಾವನ ಅಂಗಡಿಗೆ ಹೊರಟ. ನಾನೂ ಜೊತೆಗೆ ಹೋದೆ.

ಆ ಅಂಗಡಿಯ ಬಾಗಿಲಲ್ಲಿ ಎಡಗಡೆಗೆ ಕಬ್ಬಿಣದ ಸರಳಿನಂಥ ಉದ್ದುದ್ದದ ಶಾಫ್ಟುಗಳನ್ನು ಗೋಡೆಗೆ ಒರಗಿಸಿರುತ್ತಾರೆ. ಪೇಟೆಯ ನಾಯಿಗೂ ಅದು ಗೊತ್ತು, ಬಳಸಿಕೊಂಡು ಹೋಗುತ್ತದೆ. ತಡೀರಪ್ಪ ನೇರವಾಗಿ ನಡೆದು ಎಡಭುಜದಿಂದ ಅವುಗಳಿಗೆ ಢಿಕ್ಕಿ ಹೊಡೆದ. ಒಂದರ ಮೇಲೊಂದು ಬಿದ್ದವು. ಆ ಸದ್ದಿಗೆ ಇಡೀ ಸಾಲಿನ ಅಂಗಡಿಗಳವರು ಹೊರಗೆ ಬಂದರು. ಅವನು ಮೊಣಕಾಲೂರಿ ಬಿದ್ದಿದ್ದ, ಬಿದ್ದಲ್ಲಿಂದಲೇ ಕೈಯಾಡಿಸಿ ಕನ್ನಡಕ ಹುಡುಕುತ್ತಿದ್ದ. ಕನ್ನಡಕ ಅವನ ಎಡಗೈ ಪಕ್ಕದಲ್ಲೇ ಇತ್ತು. ಬೇರೆಲ್ಲ ಕಡೆ ಹುಡುಕಿದ.

ಭಾವ ಗಲ್ಲಾದ ಹಿಂದಿನಿಂದ ಎದ್ದರು. ಕನ್ನಡಕ ಎತ್ತಿ ಅವನ ಎಡಗಡೆಯಿಂದ ಹಿಡಿದರು. ಅವನು ತೆಗೆದುಕೊಳ್ಳಲಿಲ್ಲ. ಅದು ಅಲ್ಲಿದೆಯೆಂದೇ ಅವನಿಗೆ ತಿಳಿಯಲಿಲ್ಲ. ಭಾವ ಅದನ್ನು ಮೆಲ್ಲಗೆ ಅವನ ಮುಖದ ಮುಂದಿನಿಂದ ಬಲಕ್ಕೆ ತಂದರು. ಆಗ ಕೈ ಬಂತು.

"ಕ್ಷಮಿಸಿ ಸಾರ್, ಗೊತ್ತಾಗಲಿಲ್ಲ" ಅಂದ ತಡೀರಪ್ಪ. ಎದ್ದುನಿಂತವನಿಗೆ ಗಲ್ಲಾದ ಮೇಲಿನ ಕಂಪ್ಯೂಟರಿನಲ್ಲಿ ಭಾವನ ಪುಟ ತೆರೆದಿರುವುದು ಕಾಣಿಸಿರಬೇಕು. ಅಭ್ಯಾಸದಂತೆ ಗೋಡೆಯ ಕಡೆ ತಿರುಗಿದ.

ಭಾವ ಪರದೆಯನ್ನೇ ಅವನ ಕಡೆಗೆ ತಿರುಗಿಸಿದರು. "ಈ ಕಡೆ ತಿರುಗ್ರೀ!" ಅಂದರು. "ನೋಡ್ರೀ ನನ್ನ ಬೆಲೆ. ಕೊಂಡಿದ್ದು ಇಷ್ಟಕ್ಕೆ, ಮಾರೋದು ಇಷ್ಟಕ್ಕೆ. ಜೋರಾಗಿ ಓದಿ ಎಲ್ಲರಿಗೂ ಹೇಳ್ರೀ ಬೇಕಾದ್ರೆ!"

"ಬೇಡ ಸಾರ್" ಅಂದ ತಡೀರಪ್ಪ, ಗೋಡೆಗೆ. "ಯಂತ್ರ ಹೋಲಿಸಿ ನೋಡೋದಕ್ಕೆ ನಿಮ್ಮ ಒಪ್ಪಿಗೆ ಇದ್ರೆ ಸಾಕು."

"ಇದೆ. ಇದೆ ಅಂದೆನಲ್ಲ. ಹೋಗ್ರೀ, ಆಸ್ಪತ್ರೆಗೆ ಹೋಗ್ರೀ ಮೊದಲು." ಆಮೇಲೆ ನನ್ನ ಕಡೆ ತಿರುಗಿ, ತಗ್ಗಿದ ದನಿಯಲ್ಲಿ, "ನಿಜ ಅಂತ ಹೇಳಬಾರದಿತ್ತಾ?" ಅಂದರು.

ಆಗಲೂ ಅವನು ನೇರವಾಗಿ ಆಸ್ಪತ್ರೆಗೆ ಹೋಗಲಿಲ್ಲ. ಮೆಟ್ಟಿಲು ಹತ್ತಿದ. ಸುದ್ದಿ ತಿಳಿದು ಬಂದ ಹೆಂಡತಿ ಬಟ್ಟೆಬರೆ ತುಂಬಿದ ಚೀಲ ಹಿಡಿದು ಬಾಗಿಲಲ್ಲೇ ನಿಂತಳು; ಕೂರಮ್ಮ ಅಂದರೆ ಕೂರಲಿಲ್ಲ. ಅವಳು ನಿಂತಿದ್ದಷ್ಟೂ ಹೊತ್ತು ಅವನ ಬೆರಳುಗಳು ಓಡಿದವು. ಬೆಲೆಗಳನ್ನು ಅವನು ಕೊನೆಗೂ ನೋಡಲಿಲ್ಲ. ಪ್ರತಿ ಪುಟಕ್ಕೂ ಒಂದೊಂದು ಗುರುತು ಬರುವ ಹಾಗೆ, ಪುಟ ಬದಲಾದರಷ್ಟೇ ಗುರುತು ಬದಲಾಗುವ ಹಾಗೆ, ಯಂತ್ರ ಆ ಗುರುತುಗಳನ್ನಷ್ಟೇ ಹೋಲಿಸುವ ಹಾಗೆ ಮಾಡಿದ. ಕೊನೆಯ ಬಾರಿಗೆ ಇಡೀ ಗೋಡೌನು ಖಾಲಿಮಾಡಿ ಜೋಡಿಸಿದ. ಇನ್ನು ಮುಂದೆ ಸಣ್ಣಪುಟ್ಟ ಜೋಡಣೆಯನ್ನು ಅದೇ ಆಗಾಗ ಮಾಡಿಕೊಳ್ಳುತ್ತದೆ, ಜಾಗ ಸಾಲದೆ ಹೋದರೆ ತಾನಾಗಿ ನಿಂತು ನಿಮ್ಮ ಫೋನಿಗೆ ಸುದ್ದಿ ಕಳಿಸುತ್ತದೆ ಎಂದು ನನಗೆ ವಿವರಿಸಿದ. ಗಡಿಯಾರವನ್ನು ನಂಬದವನು ಕೊನೆಗೆ ನನ್ನನ್ನು ನಂಬಬೇಕಾಗಿ ಬಂತಲ್ಲ ಎಂದು ನಾನು ತಮಾಷೆ ಮಾಡಿದೆ. ಅವಳು ಚೀಲವನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡಳು.

ಮರುದಿನ ಮಧ್ಯಾಹ್ನ ಅವನ ಕುರ್ಚಿಯಲ್ಲಿ ನಾನು ಕೂತೆ. ಡಬ್ಬಿ ಬಿಚ್ಚಿ ಕೈತೊಳೆದು ಬರುವಷ್ಟರಲ್ಲಿ ಜೋಡಣೆ ಮುಗಿದಿತ್ತು. ಮುಗಿಯಿತೋ, ಶುರುವೇ ಆಗಲಿಲ್ಲವೋ ಎಂದು ಅನುಮಾನ ಬಂದು ಒಂದು ಬೇರಿಂಗು ಹುಡುಕಿ ನೋಡಿದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಬಂತು. ಪೇಟೆ ಎದ್ದು ಷಟರು ಎತ್ತಿದ ಸದ್ದು ಕೇಳಿತು. ಫೋನು ಸುಮ್ಮನಿತ್ತು. ಹಾಳಾಗಿದೆಯೇನೋ ಎಂದು ಎತ್ತಿ ಕಿವಿಗಿಟ್ಟುಕೊಂಡೆ, ಸರಿಯಾಗೇ ಇತ್ತು.

ಆಸ್ಪತ್ರೆಯಲ್ಲಿ ತಡೀರಪ್ಪ ನಡುವೆ ತೂತಿರುವ ದಿಂಬಿನ ಮೇಲೆ ಬೋರಲಾಗಿ ಮಲಗಿದ್ದ. ಮಾತಾಡಬೇಕಾದರೆ ಅವನ ಹೆಡತಲೆಯ ಜೊತೆ ಮಾತಾಡಬೇಕು.

"ಹೇಗಿದೆ ಯಜಮಾನ್ರೇ ಹುಡುಕಾಟ?" ಅಂತ ನೆಲದಿಂದ ದನಿ ಬಂತು.

"ಗುಂಡಿ ಒತ್ತೋಕೆ ಮುಂಚೇನೇ ಉತ್ತರ ಬರ್ತಿದೆ ಕಣಪ್ಪಾ."

"ಅಷ್ಟೊಂದು ಹೇಳಬೇಡಿ. ವ್ಯಾಪಾರದ ಮಾತು ಅನ್ನಿಸುತ್ತೆ."

ಮುಖ ಕಾಣದಿದ್ದರಿಂದ ಬಂದವರನ್ನೆಲ್ಲ ಚಪ್ಪಲಿಯಲ್ಲೇ ಗುರುತಿಸುತ್ತಿದ್ದ. ಭಾವ ಬಂದು ಮಂಚದ ಪಕ್ಕ ನಿಂತರೆ, "ಬನ್ನಿ ಸಾರ್. ಚಪ್ಪಲಿ ಹೊಲಿಸಿದ್ದೀರಿ, ಇನ್ನೊಂದು ವರ್ಷ ಬರುತ್ತೆ" ಅಂದ. ಭಾವ ಬಗ್ಗಿ ಅವನ ಬೆನ್ನಿನ ಮೇಲಿನ ಹೊದಿಕೆ ಸರಿಮಾಡಿದರು. ಹೊದಿಕೆ ಸರಿಯಾಗೇ ಇತ್ತು.

ಪಟ್ಟಿ ಬಿಚ್ಚಿ, ಗುಳ್ಳೆ ಕರಗಿದ ಮೇಲೆ ಡಾಕ್ಟರು ಬಲಗಣ್ಣು ಮುಚ್ಚಿಸಿ ಕೈ ಬೀಸಿ ಕೇಳಿದರು. ಏನೋ ಅಲುಗಾಡುತ್ತಿದೆ ಅಂದ. ಎಷ್ಟು ಬೆರಳು ಅಂದರು. ಅವನು ಬಹಳ ಹೊತ್ತು ನೋಡಿದ. ಎಲ್ಲರಿಗೂ ಅನುಕೂಲವಾಗಲೆಂದು ಒಂದು ಅಂಕಿ ಹೇಳಿಬಿಡುತ್ತಾನೇನೋ ಅನ್ನಿಸಿತು. ಅವನು ಹಾಗೆ ಮಾಡುವವನಲ್ಲ. "ಕಾಣ್ತಿಲ್ಲ ಡಾಕ್ಟ್ರೇ" ಅಂದ.

ಡಾಕ್ಟರು ಹೊರಗೆ ಬಂದು ಅವನ ಹೆಂಡತಿಗೆ ಹೇಳಿದರು: ಪರದೆ ಕೂತಿದೆ, ಆದರೆ ನಡುಭಾಗ ಬಿಟ್ಟು ಆಗಲೇ ಕೆಲವು ದಿನವಾಗಿತ್ತು. ಬೆಳಕು ತಿಳಿಯುತ್ತದೆ, ಅಕ್ಷರ, ಮುಖ ತಿಳಿಯುವುದು ಕಷ್ಟ. ಅಂಚಿನಲ್ಲಿದ್ದಾಗಲೇ ಬಂದಿದ್ದರೆ ಉಳಿಸಬಹುದಿತ್ತು. ಬಲಗಣ್ಣನ್ನು ಆಗಾಗ ತೋರಿಸುತ್ತಿರಬೇಕು.

ಅವಳು ಅಳಲಿಲ್ಲ. ಡಾಕ್ಟರು ಹೋದ ಮೇಲೆ ನನ್ನನ್ನು ಕೇಳಿದಳು. "ಎಲ್ಲರೂ ಬೇಗ ಒಪ್ಪಿದ್ರು ಅಲ್ವಾ ಅಣ್ಣಾ? ಒಬ್ಬರನ್ನ ಬಿಟ್ಟು?"

ಭಾವ ಅಲ್ಲೇ ಗೋಡೆಗೊರಗಿ ನಿಂತಿದ್ದರು. "ನಾನೇಮ್ಮಾ" ಅಂದರು ಭಾವ. ಅವಳು ಅವರನ್ನು ನೋಡಿದಳು. "ನನಗೆ ಗೊತ್ತು" ಅಂದಳು. ಬೈಯುತ್ತಾಳೆಂದು ಕಾದೆ. ಬೈದಿದ್ದರೆ ಭಾವನಿಗೆ ಹಗುರವಾಗುತ್ತಿತ್ತು. ಅವಳು ಗಂಡನ ಕನ್ನಡಕವನ್ನು ಸೆರಗಿನಿಂದ ಒರೆಸಿಕೊಂಡು ಒಳಗೆ ಹೋದಳು. ಎರಡು ಗಾಜನ್ನೂ ಒರೆಸಿದಳು.

ತಡೀರಪ್ಪ ಮತ್ತೆ ಕೆಲಸಕ್ಕೆ ಬಂದಿದ್ದಾನೆ. ಬಾಗಿಲಿಂದ ಒಳಹೋದವರು ಅವನ ಎಡಗಡೆಗೇ ಬರುವುದರಿಂದ ಮೇಜನ್ನು ತಿರುಗಿಸಿ ಇಡೋಣವೆಂದರೆ ಬೇಡ ಅಂದ, ಕಿಟಕಿಯ ಬೆಳಕು ಪರದೆಗೆ ಹೊಡೆಯುತ್ತದಂತೆ. ಮಧ್ಯಾಹ್ನ ಪೇಟೆಯ ಜೊತೆಗೇ ಉಣ್ಣುತ್ತಾನೆ. ಗಿರಾಕಿಗಳು ಮೊದಲಿಗಿಂತ ಬೇಗ ಸಿಗುತ್ತಾರೆಂದು ವರ್ತಕರು ಹೇಳುತ್ತಾರೆ. ಹುಡುಕಾಟ ಚುರುಕಾಗಿದೆ ಎಂದು ಅವನಿಗೆ ಫೋನು ಮಾಡಿ ಹೇಳಿದವರು ಯಾರೂ ಇಲ್ಲ. ಚುರುಕಾಗಿರುವುದಕ್ಕೆ ಯಾರು ಫೋನು ಮಾಡುತ್ತಾರೆ?

ಮೊನ್ನೆ ನಾನು ಅಲ್ಲಿ ಕೂತಿದ್ದಾಗ ಮೆಟ್ಟಿಲು ಸದ್ದು ಮಾಡಿತು, ಭಾವ ಬಂದರು. ತಮ್ಮ ಸಾಮಾನು ಈಗ ಕೆಳಗೆ ಕಾಣುತ್ತಿದೆ, ಮೇಲೆ ಬರಬೇಕಾದರೆ ಏನು ಮಾಡಬೇಕೆಂದು ಕೇಳಲು ಬಂದದ್ದು ಎಂದು ನನಗೆ ಗೊತ್ತು. ಬೆಳಿಗ್ಗೆಯಷ್ಟೇ ನನ್ನ ಮುಂದೆ ಗೊಣಗಿದ್ದರು. ಕೈಯಲ್ಲಿ ಎರಡು ಲೋಟ ಟೀ ಇತ್ತು. ಒಂದನ್ನು ತಡೀರಪ್ಪನ ಎಡಗಡೆಯಿಂದ ಚಾಚಿದರು. ದಿನವಿಡೀ ಕೇಳುವ ಮೆಟ್ಟಿಲ ಸದ್ದನ್ನು ಅವನು ಗಮನಿಸಿರಲಿಲ್ಲ. ಅವನು ಪರದೆ ನೋಡುತ್ತಾ ಯಾವುದೋ ಹಾಡು ಗುನುಗುತ್ತಿದ್ದ.

ನಾನು ಹೇಳಲು ಬಾಯಿ ತೆರೆದೆ. ಭಾವ ನನಗೆ ಬೇಡವೆಂದು ತಲೆಯಾಡಿಸಿದರು. ಲೋಟ ಚಾಚಿಕೊಂಡೇ ಸ್ವಲ್ಪ ಹೊತ್ತು ನಿಂತರು, ಅವನು ತಿರುಗಬಹುದು ಎಂದು. ಆಮೇಲೆ ಟೀ ಚೆಲ್ಲದ ಹಾಗೆ, ಮೇಜನ್ನು ಬಳಸಿಕೊಂಡು, ನಿಧಾನವಾಗಿ ಬಲಗಡೆಗೆ ಹೋದರು.